ಕೌದಿಯೂ ಒಂದು ಆತ್ಮಕಥನ

ಆತ್ಮಕಥನವೆಂದೊಡನೆ ನಾವು ಅಚ್ಚಾದ ಪುಸ್ತಕವನ್ನು ನೆನೆಯುತ್ತೇವೆ. ಆದರೆ ಬರೆಯುವ, ಅಚ್ಚು ಹಾಕಿಸುವ ಅವಕಾಶ ಎಲ್ಲರಿಗೂ ದೊರೆತದ್ದಲ್ಲ. ನಮ್ಮ ಕಾಸರಗೋಡಿನ ಗದ್ದೆಗಳಲ್ಲಿ ನೇಜಿ ನೆಡುತ್ತ ಹೆಂಗಸರು ಹಾಡಿದ ಪಾಡ್ದನಗಳನ್ನು ಇಂದು ಸಾಹಿತ್ಯವೆಂದೇ ಅಭ್ಯಸಿಸುತ್ತೇವೆ. ಹಾಡನ್ನು ಪಠ್ಯವೆಂದು ಒಪ್ಪಿದ ನಾವು ಹೊಲಿಗೆಯನ್ನೂ ಹಾಗೆ ಓದಬಲ್ಲೆವೆ? ಮೈಬಣ್ಣದ ಕಾರಣಕ್ಕೆ ಅವಮಾನವನ್ನುಂಡ ಎರಡು ನಾಡಿನ ಕಲಾವಿದೆಯರ ಮೂಲಕ ಈ ಪ್ರಶ್ನೆಯನ್ನು ಪರಿಶೀಲಿಸಬಹುದು.

ಅಮೆರಿಕದ ಕಪ್ಪು ಕಲಾವಿದೆ ಫೇತ್ ರಿಂಗ್‌ಗೋಲ್ಡ್ (1930–2024) ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಉಬ್ಬಸದಿಂದಾಗಿ ಬಹುದಿನ ಮನೆಯಲ್ಲೇ ಉಳಿದ ಅವರಿಗೆ ಬಣ್ಣ, ಬಟ್ಟೆ, ಸೂಜಿಗಳೇ ಒಡನಾಡಿಗಳಾದವು; ತಾಯಿ ವಿಲ್ಲಿ ಪೋಸಿ ಉಡುಪು ವಿನ್ಯಾಸಕಿ. ಕಾಲೇಜು ಕಲಿಸಿದ್ದು ಯುರೋಪಿನ ಚಿತ್ರಕಲೆಯನ್ನು. ಆಫ್ರಿಕಾದ ಮುಖವಾಡಗಳನ್ನೂ ವಸ್ತ್ರಕಲೆಯನ್ನೂ ಅವರು ತಾವಾಗಿಯೇ ಹುಡುಕಿ ಕಲಿಯಬೇಕಾಯಿತು. ಆತ್ಮಕಥೆಗೆ ಪ್ರಕಾಶಕರು ದೊರೆಯದಾದಾಗ ಅವರು ಕಥೆಯನ್ನು ಕೌದಿಯ ಮೇಲೆಯೇ ಬರೆದರು. ಮೊದಲ ಕಥಾಕೌದಿ 1983ರದು. ಆತ್ಮಕಥೆ ಪುಸ್ತಕವಾದದ್ದು 1995ರಲ್ಲಿ. ಅವರ ಪೂರ್ವಜೆಯೊಬ್ಬರು ಗುಲಾಮರಾಗಿದ್ದು ಒಡೆಯರಿಗಾಗಿ ಕೌದಿ ಹೊಲಿದವರು. ಆ ಕೈಕೆಲಸವೇ ರಿಂಗ್‌ಗೋಲ್ಡ್‌ರಲ್ಲಿ ಸ್ವಂತ ಮಾತಾಯಿತು.

ಇಂಥದೇ ಸೂಜಿ ನಮ್ಮ ಕರಾವಳಿಯ ಉತ್ತರ ತುದಿಯಲ್ಲೂ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಮೊದಲಾದ ತಾಲೂಕುಗಳ ಸಿದ್ದಿಯರು ಆಫ್ರಿಕಾ ಮೂಲದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರು ಮತದವರೂ ಇದ್ದಾರೆ. ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ತಲೆಮಾರುಗಳಿಂದ ಇಲ್ಲಿಯೇ ಬಾಳಿ ಕೊಂಕಣಿ, ಕನ್ನಡಗಳನ್ನಾಡುವ ಸಿದ್ದಿ ಹುಡುಗಿಯನ್ನು ಅಪರಿಚಿತರು ಇಂದಿಗೂ ‘ಯಾವ ದೇಶದವಳು?’ ಎನ್ನುತ್ತಾರೆ.

ಸಿದ್ದಿ ಹೆಂಗಸರು ಹಳೆಯ ಸೀರೆಯ ಮೇಲೆ ಸವೆದ ಬಟ್ಟೆಗಳ ತುಂಡುಗಳನ್ನಿಟ್ಟು ಕವಂದಿಯನ್ನು, ಅಂದರೆ ಕೌದಿಯನ್ನು, ಹೊಲಿಯುತ್ತಾರೆ. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ಶಿಲುಬೆ, ಅರ್ಧಚಂದ್ರಗಳೂ ಕೆಲವುಗಳಲ್ಲಿ ಕಾಣುತ್ತವೆ. ಕೊನೆಗೆ ಮೂಲೆಗಳಿಗೆ ತ್ರಿಕೋನಾಕಾರದ ‘ಫೂಲ’ಗಳನ್ನು ಇಡಬೇಕು, ಅವಿಲ್ಲದ ಕವಂದಿ ಬತ್ತಲೆಯೆಂಬ ಭಾವನೆಯಿದೆ. ಚಳಿಗೆ ಹೊದೆಯಲು ಹೂವು ಬೇಕಿಲ್ಲ. ಆದರೂ ಬೇಕೆಂಬ ಆ ಹಟದಲ್ಲಿ ಹೊಲಿದವಳ ಮಾನದ ಕಲ್ಪನೆಯಿದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಕೌದಿ ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿಯೂ ಇರುವುದರಿಂದ ಕವಂದಿಯನ್ನು ಆಫ್ರಿಕಾದಿಂದ ಹೊತ್ತುತಂದ ಗಂಟೆಂದು ಭಾವಿಸಲಾಗದು. ರಿಂಗ್‌ಗೋಲ್ಡ್‌ರಂತೆಯೇ ಸಿದ್ದಿಯರಿಗೂ ಆಫ್ರಿಕಾ ಇಡಿಯಾಗಿ ದಕ್ಕಲಿಲ್ಲ. ಡಮಾಮಿ ವಾದ್ಯದ ಕುಣಿತದಲ್ಲಿ ಒಂದು ತುಣುಕು ಉಳಿಯಿತು. ಮಂಚಿಕೇರಿಯ ಸಿದ್ದಿ ಕಲಾವಿದರು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಚಿನುವಾ ಅಚಿಬೆಯವರ ಕಾದಂಬರಿಯ ರಂಗರೂಪವನ್ನು ಅಭಿನಯಿಸಿದಾಗ ಮತ್ತೊಂದು ತುಣುಕು ಕನ್ನಡದ ಮೂಲಕವೇ ಅವರ ಕೈಸೇರಿತು.

1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ‘ನೀವು ಎಲ್ಲಿಯವರು?’ ಎಂಬ ಪ್ರಶ್ನೆ ಕಾಸರಗೋಡಿನ ಕನ್ನಡಿಗರಿಗೂ ಹೊಸತಲ್ಲ. ಆದರೆ ಎರಡನ್ನೂ ಸಮೀಕರಿಸಬಾರದು. ನಮ್ಮ ಭಾಷೆ ನಾವು ಬಾಯಿ ತೆರೆದಾಗ ತಿಳಿಯುತ್ತದೆ. ಅವರ ಬಣ್ಣ ಬಾಯಿ ತೆರೆಯುವ ಮೊದಲೇ ತೀರ್ಪಿಗೆ ಒಳಗಾಗುತ್ತದೆ. ಈ ಅಂತರವನ್ನರಿತ ಓದು ಮಾತ್ರ ಕವಂದಿಗೆ ನ್ಯಾಯ ಸಲ್ಲಿಸಬಲ್ಲದು.

ಅಭ್ಯಾಸಕ್ಕೆ:
1. ‘ಕಪ್ಪುಪಟ್ಟಿ’, ‘ಕಪ್ಪುಚುಕ್ಕೆ’ಯಂಥ ಪದಗಳನ್ನು ಸಂಗ್ರಹಿಸಿರಿ. ಕೃಷ್ಣ, ಶ್ಯಾಮಲೆ ಎಂಬ ಹೆಸರುಗಳೊಂದಿಗೆ ಹೋಲಿಸಿ ಚರ್ಚಿಸಿರಿ.
2. ನಿಮ್ಮ ಮನೆಯ ಹಿರಿಯ ಮಹಿಳೆಯೊಬ್ಬರ ಕೈಕೆಲಸವನ್ನು ಪಠ್ಯವಾಗಿ ಓದಿ, ಅವರನ್ನೇ ವಿಚಾರಿಸಿ, ಒಂದು ಪುಟ ಬರೆಯಿರಿ.