ಬಾಗಿಲಿನ ದುಡ್ಡು, ತಾಟಿನ ದುಡ್ಡು

ಬೆಂಗಳೂರಿನಲ್ಲಿ ನೌಕರಿ ಮಾಡುವ ನನ್ನ ಅಣ್ಣನ ಮಗ ಇತ್ತೀಚೆಗೆ ಫೋನ್ ಮಾಡಿದ್ದ. "ಕಾಕಾ, ಒಂದು ಕ್ಲಬ್ಬಿನ ಮೆಂಬರ್‌ಶಿಪ್ ಕೊಡ್ತೀವಿ ಅಂತ ಬೆನ್ನ ಹತ್ಯಾರ. ಮೂರು ಲಕ್ಷ. ವಾಟರ್ ಪಾರ್ಕಿಗೆ ಮಕ್ಕಳಿಗೆ ಫ್ರೀ, ರಿಸಾರ್ಟಿನ್ಯಾಗ ವರ್ಷಕ್ಕ ಒಂದು ವಾರ ಇರಬಹುದು, ಮೆಂಬರುಗಳಿಗಷ್ಟ ಬಿಡೋ ರೆಸ್ಟೋರೆಂಟ್ ಬ್ಯಾರೆ ಐತಂತ. ತಗೊಳ್ಳಲೇನು?"

ಅವನ ಅಪ್ಪ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ಇನ್ನೂ ತೊಗರಿ, ಹತ್ತಿ ಬೆಳೆಯುತ್ತಾನೆ. ಹಾಗಾಗಿ ಮೂರು ಲಕ್ಷವನ್ನು ಮೊದಲು ತೊಗರಿಯಲ್ಲಿ ಅಳೆದು ನೋಡು ಅಂದೆ. 2025-26ಕ್ಕೆ ಕೇಂದ್ರ ಸರ್ಕಾರ ತೊಗರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಷ್ಟೂ ಕೈಗೆ ಬಂತು ಅಂತಲೇ ಇಟ್ಟುಕೊಂಡರೂ ಮೂವತ್ತೇಳೂವರೆ ಕ್ವಿಂಟಲ್ ಮಾರಬೇಕು. ಮಳೆಯನ್ನೇ ನಂಬಿದ ಹೊಲದಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ ಚಲೋ ಬೆಳೆ ಅನ್ನುವವರು ನಾವು. ಬೀಜ, ಔಷಧ, ಆಳಿನ ಕೂಲಿ ಕಳೆಯುವ ಮೊದಲೇ ಅದು ಎಂಟು ಎಕರೆಯ ಫಸಲು.

ಹಾಗಂತ ಚಲೋ ಊಟಕ್ಕೆ ದುಡ್ಡು ಹಾಕುವುದನ್ನು ನಾನು ದುಂದುಗಾರಿಕೆ ಅನ್ನುವುದಿಲ್ಲ. ದುಡಿದವನು ಅವನು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಸಂಜೆ ಮನಸ್ಸು ತುಂಬಿ ಉಣ್ಣಲಿ. ನನ್ನ ತಕರಾರು ತಾಟಿನ ಬೆಲೆಯ ಬಗ್ಗೆ ಅಲ್ಲ, ಬಾಗಿಲಿನ ಬೆಲೆಯ ಬಗ್ಗೆ.

ಈ ಬಾಗಿಲಿನ ವ್ಯಾಪಾರ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡನ್ನು ನೋಡಬೇಕು. ಅಲ್ಲಿ ಮಕ್ಕಳು ಆಡುವ ಪಾರ್ಕಿನ ಒಳಗೇ, ನ್ಯೂ ಆರ್ಲಿಯನ್ಸ್ ಸ್ಕ್ವೇರ್ ಅನ್ನುವ ಭಾಗದಲ್ಲಿ, 'ಕ್ಲಬ್ 33' ಎಂಬ ಊಟದ ಮನೆ ಇದೆ. ವಾಲ್ಟ್ ಡಿಸ್ನಿ ತೀರಿಕೊಂಡ ಮರುವರ್ಷ, 1967ರಲ್ಲಿ ಅದು ಶುರುವಾಯಿತು. ಪಾರ್ಕಿಗೆ ಟಿಕೆಟ್ ತೆಗೆಸಿದ ಸಾವಿರಾರು ಜನ ದಿನಾ ಅದರ ಬಾಗಿಲ ಮುಂದೆಯೇ ಓಡಾಡುತ್ತಾರೆ, ಒಳಗೆ ಹೋಗಲು ಮಾತ್ರ ಸದಸ್ಯರಾಗಿರಬೇಕು, ಇಲ್ಲವೇ ಸದಸ್ಯರು ಕರೆದವರಾಗಿರಬೇಕು. ಸದಸ್ಯತ್ವ ಕಳೆದುಕೊಂಡ ದಂಪತಿಯೊಂದು ಹೂಡಿದ್ದ ದಾವೆ 2024ರಲ್ಲಿ ಅಲ್ಲಿಯ ಕೋರ್ಟಿನಲ್ಲಿ ವಿಚಾರಣೆಗೆ ಬಂದಾಗ ಪತ್ರಿಕೆಗಳಲ್ಲಿ ಲೆಕ್ಕ ಹೊರಬಿತ್ತು. ಅವರು ವರ್ಷಕ್ಕೆ ಕಟ್ಟುತ್ತಿದ್ದ ಶುಲ್ಕವೇ 31,500 ಡಾಲರ್. ನಮ್ಮ ರೊಕ್ಕದಲ್ಲಿ ಇಪ್ಪತ್ತೈದು ಲಕ್ಷ ಮೀರುತ್ತದೆ, ಉಂಡದ್ದರ ಬಿಲ್ಲು ಬೇರೆ. ಜ್ಯೂರಿ ಅವರ ವಿರುದ್ಧ ತೀರ್ಪು ಕೊಟ್ಟಿತು. ವರ್ಷಗಟ್ಟಲೆ ಶುಲ್ಕ ಕಟ್ಟಿದವರಿಗೂ ಆ ಬಾಗಿಲು ಸ್ವಂತದ್ದಾಗಲಿಲ್ಲ. ಕೊಟ್ಟವರು ಅದನ್ನು ವಾಪಸು ತೆಗೆದುಕೊಂಡರು.

ನಮ್ಮ ನಾಡಿನಲ್ಲೂ ಪಾರ್ಕಿನ ಒಳಗೆ ಸದಸ್ಯರದ್ದೇ ಆದ ಊಟದ ಮನೆ ಇದೆ, ಅದಕ್ಕೆ ನೂರು ವರ್ಷ ದಾಟಿದೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಸೆಂಚುರಿ ಕ್ಲಬ್ಬನ್ನು 1917ರಲ್ಲಿ ಕಟ್ಟಿದವರು ಸರ್ ಎಂ. ವಿಶ್ವೇಶ್ವರಯ್ಯ. ಏಳೂವರೆ ಎಕರೆ ಜಾಗ ಮೈಸೂರು ಮಹಾರಾಜರ ಕಾಲದ್ದು. ಸರ್ಕಾರದಿಂದ ಜಾಗ ಪಡೆದ ಕಾರಣಕ್ಕೆ ಮಾಹಿತಿ ಹಕ್ಕು ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ ಎಂದು ಹೈಕೋರ್ಟ್ 2025ರಲ್ಲಿ ಹೇಳಿತು. ಅದಕ್ಕಿಂತ ಹಳೆಯದು 1868ರ ಬೆಂಗಳೂರು ಕ್ಲಬ್. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ ಇಲ್ಲಿ ಸೈನ್ಯದ ಅಧಿಕಾರಿಯಾಗಿದ್ದಾಗ ಉಳಿಸಿ ಹೋದ ಬಾಕಿ 13 ರೂಪಾಯಿ. 1899ರ ಜೂನ್ 1ರ ಬಾಕಿದಾರರ ಪಟ್ಟಿಯಲ್ಲಿ ಅವನ ಹೆಸರಿದೆ. ಈ ಕ್ಲಬ್ಬಿನ ತೆರಿಗೆ ವ್ಯಾಜ್ಯವನ್ನು 2013ರಲ್ಲಿ ತೀರ್ಮಾನಿಸಿದ ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲಿ ಈ ಹದಿಮೂರು ರೂಪಾಯಿಯನ್ನೂ ದಾಖಲಿಸಿದೆ.

ಆ ವ್ಯಾಜ್ಯ ನಮ್ಮಂಥವರಿಗೂ ಒಂದು ಮುಖ್ಯ ಸಂಗತಿ ಹೇಳುತ್ತದೆ. ಇಂಥ ಕ್ಲಬ್ಬುಗಳಲ್ಲಿ ದುಡ್ಡು ಹಾಕುವವರೂ ಸದಸ್ಯರೇ, ಅದರ ಫಲ ಉಣ್ಣುವವರೂ ಸದಸ್ಯರೇ. ತಮ್ಮ ತಮ್ಮೊಳಗಿನ ಈ ವ್ಯವಹಾರದಲ್ಲಿ ಉಳಿದದ್ದನ್ನು ಲಾಭ ಅನ್ನಲಾಗದು, ಅದಕ್ಕೆ ಆದಾಯ ತೆರಿಗೆ ಇಲ್ಲ. ಅದೇ ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿ ಪಡೆದರೆ ಮಾತ್ರ ತೆರಿಗೆ ಕಟ್ಟಬೇಕು ಎಂದು ಕೋರ್ಟ್ ಹೇಳಿತು. ಅಂದರೆ ಸದಸ್ಯನೇ ಅಲ್ಲಿ ಮಾಲೀಕ. ಲೆಕ್ಕಪತ್ರ ಕೇಳಬಹುದು, ಆಡಳಿತ ಮಂಡಳಿಗೆ ಓಟು ಹಾಕಬಹುದು, ವರ್ಷದ ಸಭೆಯಲ್ಲಿ ಎದ್ದು ನಿಂತು ಶುಲ್ಕ ಯಾಕೆ ಏರಿಸಿದಿರಿ ಅನ್ನಬಹುದು. ನನ್ನ ಅಣ್ಣನ ಮಗನಿಗೆ ಮಾರಲು ಬಂದದ್ದಕ್ಕೂ ಕ್ಲಬ್ ಅಂತಲೇ ಹೆಸರು. ಆದರೆ ಅದು ಕಂಪನಿಯದ್ದು. ಅಲ್ಲಿ ಅವನು ಮುಂಗಡ ಕಟ್ಟಿದ ಗಿರಾಕಿ, ಅಷ್ಟೇ. ಉಳಿದ ಲಾಭ ಕಂಪನಿಗೆ, ಏರಿದ ಶುಲ್ಕ ಇವನಿಗೆ.

ಸದಸ್ಯರೇ ಮಾಲೀಕರಾದ ಅಂಥದೊಂದು ಹಳೆಯ ಕ್ಲಬ್ಬಿನಲ್ಲಿ ಗೆಳೆಯರೊಬ್ಬರ ಅತಿಥಿಯಾಗಿ ಉಂಡಿದ್ದೇನೆ. ಅವರು ಹಿಂದಿನ ದಿನವೇ ಫೋನ್ ಮಾಡಿ, "ಕಾಲರ್ ಇರೋ ಅಂಗಿ, ಬೂಟು ಹಾಕ್ಕೊಂಡು ಬರ್ರಿ, ಚಪ್ಪಲಿಗೆ ಒಳಗ ಬಿಡಂಗಿಲ್ಲ" ಅಂದಿದ್ದರು. ಎತ್ತರದ ಮಾಳಿಗೆಯ ಕೋಣೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಮೇಜು. ಬಡಿಸುವವರು ಹಿರಿಯರು. ಗೆಳೆಯರಿಗೆ ಖಾರ ಎಷ್ಟು ಬೇಕು, ಯಾವ ಮೂಲೆಯ ಮೇಜು ಬೇಕು ಅನ್ನುವುದನ್ನು ಕೇಳದೆಯೇ ಬಲ್ಲವರು. ಸೂಪು, ಹದವಾಗಿ ಬೆಂದ ಮೀನು, ಕೊನೆಗೆ ಕ್ಯಾರಮೆಲ್ ಕಸ್ಟರ್ಡ್. ಯಾರೂ ಅವಸರ ಮಾಡಲಿಲ್ಲ, ಪಕ್ಕದ ಮೇಜಿನ ಮಾತು ನಮ್ಮ ಕಿವಿಗೆ ಬೀಳಲಿಲ್ಲ. ಅಷ್ಟು ನೆಮ್ಮದಿಯಿಂದ ನಾನು ಹೊರಗೆ ಎಲ್ಲೂ ಉಂಡಿಲ್ಲ, ಅದನ್ನು ಮನಸಾರೆ ಹೇಳುತ್ತೇನೆ. ಬಿಲ್ಲು ಬಂದಾಗ ನಾನು ಜೇಬಿಗೆ ಕೈ ಹಾಕಿದೆ. ಅತಿಥಿಯಿಂದ ಅಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲವಂತೆ. ಗೆಳೆಯರು ಸಹಿ ಹಾಕಿದರು, ತಿಂಗಳ ಕೊನೆಗೆ ಅವರ ಖಾತೆಗೆ ಹೋಗುತ್ತದೆ. ಇಂಥ ಊಟಕ್ಕೆ ಹೊರಗೆ ಕೊಡಬೇಕಾದದ್ದಕ್ಕಿಂತ ಮೊತ್ತ ಬಹಳ ಕಡಿಮೆಯಿತ್ತು. ಉಳಿದದ್ದನ್ನು ಅವರು ಪ್ರವೇಶ ಶುಲ್ಕವಾಗಿ, ತಿಂಗಳ ಚಂದಾ ಆಗಿ ಮೊದಲೇ ಕಟ್ಟಿದ್ದಾರೆ. ವಾರಕ್ಕೊಮ್ಮೆ ಹೋಗುವ ಅವರಿಗೆ ಲೆಕ್ಕ ಸರಿಹೋಗುತ್ತದೆ. ಶಹಾಪುರದಲ್ಲಿ ಇದ್ದುಕೊಂಡು ವರ್ಷಕ್ಕೆ ಒಮ್ಮೆ ಬೆಂಗಳೂರು ಕಾಣುವ ನನ್ನಂಥವನಿಗೆ ಒಂದೊಂದು ತುತ್ತೂ ದುಬಾರಿಯಾಗುತ್ತದೆ.

ಇನ್ನೊಂದು ಊಟ ಕಲಬುರಗಿಯಲ್ಲಿ. ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ತಪ್ಪದೇ ಬರಬೇಕು, ರಾತ್ರಿಯೂಟ ಉಚಿತ ಅಂತ ಫೋನ್ ಬಂದಿತ್ತು. ಹೋದೆವು. ಊಟಕ್ಕೆ ಮೊದಲು ಎರಡು ತಾಸು ಬೆಟ್ಟ, ಸಮುದ್ರ, ಜಾರುಬಂಡೆಯ ಚಿತ್ರ ತೋರಿಸಿದರು. ಐದು ಲಕ್ಷ ಅಂದದ್ದು ನಾಲ್ಕಾಯಿತು, ಇವತ್ತೇ ಸಹಿ ಹಾಕಿದರೆ ಮೂರು ಅಂದರು. ಯಾರಾದರೂ ಸಹಿ ಹಾಕಿದರೆ ಚಪ್ಪಾಳೆ. ನನ್ನ ಹೆಂಡತಿ ಆವರೆಗೆ ಸುಮ್ಮನೆ ಕೂತಿದ್ದಳು. "ಅಲ್ರೀ ತಮ್ಮಾ, ಇದು ಕಟ್ಟಿದ ಮ್ಯಾಲ ವರ್ಷಾ ವರ್ಷಾ ಎಷ್ಟು ಕಟ್ಟಬೇಕು?" ಅಂದಳು. ಆ ಹುಡುಗ ಕಾಗದ ತಿರುವಿಹಾಕಿ, "ಸುಮಾರು ಇಪ್ಪತ್ತು ಸಾವಿರ, ಮೇಡಂ, ಜಿಎಸ್‌ಟಿ ಬೇರೆ" ಅಂದ. ಶುಲ್ಕವನ್ನು ಕಾಲಕಾಲಕ್ಕೆ ಏರಿಸಬಹುದು ಎಂಬ ಸಾಲು ಸಣ್ಣ ಅಕ್ಷರದಲ್ಲಿತ್ತು.

ಅವತ್ತು ಅವಳು ಕೇಳಿದ ಪ್ರಶ್ನೆಯಲ್ಲೇ ಈ ವ್ಯವಹಾರದ ಜೀವ ಇದೆ. ಮೂರು ಲಕ್ಷವನ್ನು ಶೇ. 6.5ರ ಠೇವಣಿಯಲ್ಲಿ ಇಟ್ಟರೆ ವರ್ಷಕ್ಕೆ 19,500 ರೂಪಾಯಿ ಬಡ್ಡಿ. ಅದು ಹೋಯಿತು. ಇಪ್ಪತ್ತು ಸಾವಿರಕ್ಕೆ ಶೇ. 18ರ ಜಿಎಸ್‌ಟಿ ಸೇರಿದರೆ 23,600. ಎರಡೂ ಕೂಡಿ 43,100. ಅಸಲು ವಾಪಸು ಬರುವುದಿಲ್ಲ, ಅದನ್ನು ಇಲ್ಲಿ ಹಿಡಿದೇ ಇಲ್ಲ. ಒಂದು ವಾರದ ವಸತಿಗೆ, ಊಟಕ್ಕೆ ಸಿಗುವ ರಿಯಾಯಿತಿಗೆ ಇಷ್ಟು ಬೆಲೆ, ಊಟದ ಬಿಲ್ಲು ಮತ್ತೆ ಕೈಯಿಂದಲೇ. ಶುಲ್ಕ ವರ್ಷಕ್ಕೆ ಶೇ. 7ರಂತೆ ಏರಿದರೆ ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮಗುವಿಗೆ ಜ್ವರ ಬಂದು, ರಜೆ ಸಿಗದೆ ಒಂದು ವರ್ಷ ಹೋಗದಿದ್ದರೂ ಶುಲ್ಕ ಕಟ್ಟಲೇಬೇಕು. 43,100 ರೂಪಾಯಿ ಕೈಯಲ್ಲಿದ್ದರೆ ಯಾರ ಸದಸ್ಯತ್ವವೂ ಇಲ್ಲದೆ ನಾಲ್ಕು ಜನರ ಕುಟುಂಬ ಹೈದರಾಬಾದಿಗೆ ಹೋಗಿ, ಒಂದು ದಿನ ವಂಡರ್‌ಲಾದಲ್ಲಿ ಆಡಿ, ಒಂದು ದಿನ ರಾಮೋಜಿ ಫಿಲ್ಮ್ ಸಿಟಿ ನೋಡಿ, ಚಲೋ ಹೋಟೆಲಿನಲ್ಲಿ ರಾತ್ರಿಯೂಟ ಮಾಡಿಕೊಂಡು ಬರಬಹುದು. ನಮ್ಮ ಯಾದಗಿರಿ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.

ನಮ್ಮ ಶಹಾಪುರದ ಕಡೆಯ, ಸಗರನಾಡಿನ ಮನೆಗಳಿಗೆ ಈ ವರ್ಷಾವರ್ಷದ ಶುಲ್ಕ ಹೆಚ್ಚು ಅಪಾಯ ಅನ್ನುವುದಕ್ಕೆ ಕಾರಣ ಇದೆ. ನಮ್ಮ ಕೈಗೆ ರೊಕ್ಕ ತಿಂಗಳು ತಿಂಗಳು ಬರುವುದಿಲ್ಲ, ಒಮ್ಮೆಲೇ ಬರುತ್ತದೆ. ಹತ್ತಿ ತೂಗಿದಾಗ, ತೊಗರಿ ಅಡತಿ ಅಂಗಡಿಗೆ ಹೋದಾಗ, ನಾರಾಯಣಪುರದ ಕಾಲುವೆ ನೀರಿನ ಭತ್ತ ಮಾರಿದಾಗ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಹೊಲ ಬಿಟ್ಟುಕೊಟ್ಟ ಮನೆಗಳಿಗೆ ಪರಿಹಾರ ಬಂದದ್ದೂ ಹಾಗೆಯೇ. ರೊಕ್ಕ ಬಂದ ವಾರದಲ್ಲಿ ಮೂರು ಲಕ್ಷ ದೊಡ್ಡದು ಅನಿಸುವುದಿಲ್ಲ. ಮುಂದಿನ ವರ್ಷ ಮಳೆ ಕೈಕೊಟ್ಟಾಗ ಇಪ್ಪತ್ತಮೂರು ಸಾವಿರ ಬೆಟ್ಟದಷ್ಟು ಅನಿಸುತ್ತದೆ. ಮಾರುವವರು ಬರುವುದು ಮೊದಲನೆಯ ವಾರದಲ್ಲಿ. ಸಂಬಳದ ಮಕ್ಕಳು ಬೆಂಗಳೂರಿನಲ್ಲಿ ಇದ್ದರೂ ಊರಿನ ಸಾಲ, ತಂಗಿಯ ಮದುವೆ, ಅಪ್ಪನ ದವಾಖಾನೆ ಅವರ ಸಂಬಳದ ಮೇಲೆಯೇ ನಿಂತಿರುತ್ತವೆ.

ಅಣ್ಣನ ಮಗನಿಗೆ ನಾನು ಹೇಳಿದ್ದು ಇದು: ಮದುವೆಯ ವಾರ್ಷಿಕೋತ್ಸವಕ್ಕೆ ನಿನಗೆ ಇಷ್ಟವಾದ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಮೇಜು ಕಾದಿರಿಸು, ಹತ್ತು ಸಾವಿರ ಆದರೂ ಆಗಲಿ, ಉಂಡು ಬಾ. ಬಿಲ್ಲು ಮಾತ್ರ ಓದಿ ಕೊಡು. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಊಟದ ಮೇಲೆ ಜಿಎಸ್‌ಟಿ ಶೇ. 5. ಕೋಣೆಯ ಬಾಡಿಗೆ 7,500 ದಾಟುವ ಹೋಟೆಲಿನ ಒಳಗಾದರೆ ಶೇ. 18. ಸರ್ವಿಸ್ ಚಾರ್ಜ್ ಕೊಡಲೇಬೇಕೆಂಬ ಕಾನೂನಿಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಬಡಿಸಿದವರ ಸೇವೆ ಮನಸ್ಸಿಗೆ ಬಂದರೆ ಅವರ ಕೈಗೇ ಕೊಡು.

ಅವನು ಕಂಪನಿಯಿಂದ ಪೂರ್ತಿ ಕರಾರು ಪತ್ರ ಕೇಳಿದ. ಸಹಿಗೆ ಮುಂಚೆ ಮನೆಗೆ ಕೊಟ್ಟು ಕಳಿಸುವುದಿಲ್ಲ ಅಂದರಂತೆ. ಅವನು ಅಲ್ಲಿಗೇ ಬಿಟ್ಟ.

ಓದುಗರಲ್ಲಿ ಯಾರಾದರೂ ಈಗಾಗಲೇ ಸಹಿ ಹಾಕಿದ್ದರೆ, ಕರಾರಿನಲ್ಲಿ ರದ್ದುಮಾಡುವ ಅವಧಿ ಎಷ್ಟು ದಿನ ಅಂತ ಇವತ್ತೇ ನೋಡಿ, ಅದರೊಳಗೆ ಬರವಣಿಗೆಯಲ್ಲೇ ತಿಳಿಸಿ, ಅದರ ಪ್ರತಿ ಇಟ್ಟುಕೊಳ್ಳಿ. ಭರವಸೆ ಕೊಟ್ಟ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ಕೊಟ್ಟ ಮಾತಿಗೆ ತಪ್ಪಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಕಡೆಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ನೀವು ಕೊಟ್ಟ ಮೊತ್ತ ಐದು ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲೇ ಮಾತಾಡಬಹುದು.