ಪ್ರಾಗಿನ ಗದ್ದುಗೆ

ಯೂರೋಪು ಖಂಡದ ನಡುವೆ, ಸುತ್ತಲೂ ಬೆಟ್ಟಸಾಲುಗಳಿಂದ ಆವೃತವಾದ ಬೊಹೆಮಿಯ ಎಂಬ ನಾಡಿದೆ. ಚೆಕ್ ಜನರ ತಾಯ್ನೆಲವಿದು. ಮಧ್ಯಯುಗದಲ್ಲಿ ಪ್ರಾಗ್ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡು ಈ ನಾಡನ್ನೂ ಅದರ ಪೂರ್ವಕ್ಕಿರುವ ಮೊರಾವಿಯವನ್ನೂ ಆಳಿದವರು ಪ್ರೆಮಿಸ್ಲ್ ವಂಶದ ಅರಸರು. ಹೊರಗಿನ ಶತ್ರುಗಳಿಗಿಂತಲೂ ಒಳಗಿನ ದಾಯಾದಿ ಮತ್ಸರವೇ ಈ ವಂಶಕ್ಕೆ ಹೆಚ್ಚಿನ ಕಂಟಕವಾಯಿತು.

ಧರ್ಮಿಷ್ಠನೆಂದು ಹೆಸರಾದ ವೆನ್ಸೆಸ್ಲಾಸ್ ದೊರೆ ಹತ್ತನೆಯ ಶತಮಾನದಲ್ಲಿ ತನ್ನ ತಮ್ಮ ಬೊಲೆಸ್ಲಾವನ ಸಂಚಿಗೆ ಬಲಿಯಾದನು. ನೂರು ವರ್ಷಗಳ ತರುವಾಯ ಓಲ್ಡ್ರಿಖ್ ಎಂಬ ದೊರೆ ಸ್ವಂತ ಅಣ್ಣನಾದ ಯಾರೊಮಿರನ ಕಣ್ಣು ಕೀಳಿಸಿದನು. ಓಲ್ಡ್ರಿಖನ ಮಗನೇ ಒಂದನೆಯ ಬ್ರೆಟಿಸ್ಲಾವ್. ಶೂರನೂ ದೂರದರ್ಶಿಯೂ ಆಗಿದ್ದ ಅವನಿಗೆ ಐವರು ಗಂಡುಮಕ್ಕಳು. ತನ್ನ ಮನೆಯಲ್ಲಿ ಮತ್ತೆ ರಕ್ತ ಹರಿಯಬಾರದೆಂದು ಬಗೆದು, 1055ರಲ್ಲಿ ಮರಣಶಯ್ಯೆಯಲ್ಲಿದ್ದಾಗ ಅವನು ಒಂದು ಕಟ್ಟಳೆಯನ್ನು ವಿಧಿಸಿದನು. ವಂಶದಲ್ಲಿ ವಯಸ್ಸಿನಿಂದ ಹಿರಿಯನಾದವನೇ ಪ್ರಾಗಿನ ಗದ್ದುಗೆಯೇರಬೇಕು. ಉಳಿದವರು ಅವನಿಗೆ ವಿಧೇಯರಾಗಿರಬೇಕು. ಕಿರಿಯರಿಗೆ ಮೊರಾವಿಯದಲ್ಲಿ ಪಾಲು ದೊರೆಯಿತು.

ಶಾಂತಿಗಾಗಿ ಹುಟ್ಟಿದ ಈ ಕಟ್ಟಳೆಯೇ ಕಲಹದ ಬೀಜವಾಯಿತು. ಪ್ರತಿಯೊಬ್ಬ ದೊರೆಯೂ ತನ್ನ ಮಗನೇ ಪಟ್ಟವೇರಲೆಂದು ಬಯಸಿದನು; ಪ್ರತಿಯೊಬ್ಬ ಚಿಕ್ಕಪ್ಪನೂ ಹಿರಿತನದ ಹಕ್ಕನ್ನು ಮುಂದಿಟ್ಟನು. ಹಿರಿಯ ಮಗ ಸ್ಪಿಟಿಹ್ನೇವ್ ಪಟ್ಟವೇರಿದೊಡನೆಯೇ ತಮ್ಮಂದಿರ ಪಾಲನ್ನು ಕಸಿದುಕೊಂಡನು. ಅವರಲ್ಲೊಬ್ಬನನ್ನು ಬೇಟೆಗಾರರ ಮೇಲೆ, ಮತ್ತೊಬ್ಬನನ್ನು ಅಡಿಗೆಯವರ ಮೇಲೆ ಅಧಿಕಾರಿಯನ್ನಾಗಿ ನೇಮಿಸಿದನೆಂದು ಕಾಸ್ಮಸ್ ಎಂಬ ಪಾದ್ರಿ ತನ್ನ ವೃತ್ತಾಂತದಲ್ಲಿ ಬರೆದಿದ್ದಾನೆ. ಇನ್ನೊಬ್ಬ ತಮ್ಮ ವ್ರಾಟಿಸ್ಲಾವ್ ಹಂಗೆರಿಗೆ ಓಡಿಹೋದನು.

ಸೋತವರು ಜರ್ಮನ್ ದೊರೆಗಳ ನೆರವನ್ನು ಬೇಡುತ್ತಿದ್ದರು. ಮನೆಯ ಜಗಳ ನೆರೆಯವನಿಗೆ ಬಾಗಿಲು ತೆರೆಯಿತು. 1126ರಲ್ಲಿ ಓಟೋ ಎಂಬ ದಾಯಾದಿಯ ಪರವಾಗಿ ಜರ್ಮನಿಯ ಲೋಥಾರ್ ದಂಡೆತ್ತಿ ಬಂದನು. ಖ್ಲುಮೆಟ್ಸ್ ಎಂಬಲ್ಲಿ ನಡೆದ ಕಾಳಗದಲ್ಲಿ ಸೊಬಿಯೆಸ್ಲಾವ್ ದೊರೆ ಅವನನ್ನು ಸೋಲಿಸಿದನು. ಓಟೋ ರಣರಂಗದಲ್ಲಿ ಮಡಿದನು. ಆದರೂ ಕಲಹ ನಿಲ್ಲಲಿಲ್ಲ. 1172ರಿಂದ 1197ರವರೆಗಿನ 25 ವರ್ಷಗಳಲ್ಲಿ ಗದ್ದುಗೆ ಎಂಟು ಬಾರಿಗೆ ಕಡಮೆಯಿಲ್ಲದಂತೆ ಕೈ ಬದಲಾಯಿಸಿತು.

1197ರ ಡಿಸೆಂಬರಿನಲ್ಲಿ ಇಬ್ಬರು ಸೋದರರ ಸೈನ್ಯಗಳು ಎದುರುಬದುರಾದವು. ಗದ್ದುಗೆಯಲ್ಲಿದ್ದವನು ತಮ್ಮ ವ್ಲಾದಿಸ್ಲಾವ್. ಅದನ್ನು ಬಯಸಿ ಬಂದವನು ಅಣ್ಣ ಪ್ರೆಮಿಸ್ಲ್ ಒಟಾಕರ್. ಮತ್ತೊಂದು ರಕ್ತಪಾತ ಅನಿವಾರ್ಯವೆಂದು ತೋರಿತು. ಆದರೆ ಯುದ್ಧಕ್ಕೆ ಮೊದಲೇ ತಮ್ಮನು ಅಣ್ಣನೊಡನೆ ಸಂಧಿ ಮಾಡಿಕೊಂಡು ಗದ್ದುಗೆಯನ್ನು ಬಿಟ್ಟುಕೊಟ್ಟನು; ತಾನು ಮೊರಾವಿಯದ ಆಡಳಿತದಿಂದ ತೃಪ್ತನಾದನು. 1222ರಲ್ಲಿ ಸಾಯುವವರೆಗೂ ಅವನು ಅಣ್ಣನಿಗೆ ಬೆಂಬಲವಾಗಿ ನಿಂತನು.

ಈ ಒಗ್ಗಟ್ಟಿನ ಫಲ ಬೇಗನೆ ದೊರೆಯಿತು. 1198ರಲ್ಲಿ ಒಟಾಕರನು ರಾಜಪದವಿಯನ್ನು ಪಡೆದನು. 1212ರಲ್ಲಿ ಎರಡನೆಯ ಫ್ರೆಡರಿಕನು ಹೊರಡಿಸಿದ ಸುವರ್ಣಮುದ್ರೆಯ ಶಾಸನವು ಆ ಪದವಿ ವಂಶಪಾರಂಪರ್ಯವಾಗಿ ಮುಂದುವರಿಯಲೆಂದು ಒಪ್ಪಿಕೊಂಡಿತು. 1216ರಲ್ಲಿ ಅವನ ಮಗ ವೆನ್ಸೆಸ್ಲಾಸನನ್ನೇ ಉತ್ತರಾಧಿಕಾರಿಯೆಂದು ಆರಿಸಲಾಯಿತು. ಹೀಗೆ ವಂಶದ ಹಿರಿಯನಿಗೆ ಪಟ್ಟವೆಂಬ ಪದ್ಧತಿ ಕೊನೆಗೊಂಡು, ದೊರೆಯ ಜ್ಯೇಷ್ಠಪುತ್ರನಿಗೆ ಪಟ್ಟವೆಂಬ ಪದ್ಧತಿ ಬೇರೂರಿತು.

1306ರಲ್ಲಿ ಮೂರನೆಯ ವೆನ್ಸೆಸ್ಲಾಸನು ಓಲೊಮೊಟ್ಸ್ ನಗರದಲ್ಲಿ ಕೊಲೆಯಾಗಲು, ಆ ರಾಜಮನೆತನದ ಗಂಡುಸಂತತಿ ಅಳಿಯಿತು. ಆದರೆ ರಾಜ್ಯ ಅಳಿಯಲಿಲ್ಲ. ವ್ಲಾದಿಸ್ಲಾವನು ಗೆದ್ದ ಯುದ್ಧಗಳಿಗಿಂತ ಅವನು ಹೂಡದೆ ಬಿಟ್ಟ ಒಂದು ಯುದ್ಧವೇ ಆ ರಾಜ್ಯಕ್ಕೆ ಭದ್ರವಾದ ಅಡಿಪಾಯವಾಯಿತು.

ಅಭ್ಯಾಸ

1. ಬ್ರೆಟಿಸ್ಲಾವನು ವಿಧಿಸಿದ ಕಟ್ಟಳೆ ಯಾವುದು? ಅದರ ಉದ್ದೇಶವೇನು?
2. ಆ ಕಟ್ಟಳೆ ಕಲಹಕ್ಕೆ ಕಾರಣವಾದುದು ಹೇಗೆ?
3. ‘ಮನೆಯ ಜಗಳ ನೆರೆಯವನಿಗೆ ಬಾಗಿಲು ತೆರೆಯಿತು.’ ಪಾಠದ ಆಧಾರದಿಂದ ವಿವರಿಸಿ.
4. ವ್ಲಾದಿಸ್ಲಾವನ ತ್ಯಾಗದಿಂದ ಬೊಹೆಮಿಯಕ್ಕೆ ಆದ ಪ್ರಯೋಜನಗಳನ್ನು ತಿಳಿಸಿ.