ಕಡತ ದಪ್ಪಗಿದ್ದರೆ ಸಾಲದು

ಎಂಜಿಬಿ, ಜಾಗ್ವಾರ್ ಇ-ಟೈಪ್, ಆಸ್ಟಿನ್-ಹೀಲಿಯಂಥ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಮಾರಾಟಕ್ಕೆ ಬಂದಾಗ ಜತೆಗೊಂದು ಕಡತವೂ ಬರುತ್ತದೆ. ಗ್ಯಾರೇಜಿನ ಬಿಲ್ಲುಗಳು, ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ಎಂಒಟಿ ತಪಾಸಣೆಯ ಚೀಟಿಗಳು, ಹಿಂದಿನವರ ಕಾಗದಪತ್ರ, ಮಾಸಿದ ಫೋಟೊಗಳು. ಕಡತ ದಪ್ಪಗಿದ್ದಷ್ಟೂ ಬೆಲೆ ಏರುತ್ತದೆ, ಕೊಳ್ಳುವವರ ಅನುಮಾನ ಇಳಿಯುತ್ತದೆ. ಇಂಥ ಕಾರುಗಳು ಯಾರ ಕೈಯಿಂದ ಯಾರ ಕೈಗೆ ಹೋದವು ಎಂದು ಜಾಡು ಹಿಡಿಯುವ ಕೆಲಸ ನನಗೆ ಕಲಿಸಿದ್ದು ಬೇರೆಯೇ ಪಾಠ. ಕಡತದ ತೂಕ ಮುಖ್ಯವಲ್ಲ, ಅದರೊಳಗಿನ ಕೊಂಡಿಗಳು ಮುಖ್ಯ. ಒಂದು ಕೊಂಡಿ ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟ ಚರಿತ್ರೆಯನ್ನು, ಚೆಂದದ ಕತೆಯಿಂದ ತುಂಬಿದ ಚರಿತ್ರೆಗಿಂತ ಹೆಚ್ಚು ನಂಬಬಹುದು.

ಕೊಂಡಿ ಏಕೆ ಕಳಚುತ್ತದೆ ಎಂಬುದಕ್ಕೆ ಬ್ರಿಟನ್ನಿನ ನೋಂದಣಿ ವ್ಯವಸ್ಥೆಯಲ್ಲೇ ಉತ್ತರವಿದೆ. ಅಲ್ಲಿ ವಾಹನ ನೋಂದಣಿ ಶುರುವಾದದ್ದು 1904ರ ಜನವರಿ 1ರಂದು. ಆ ಕೆಲಸ ಕೌಂಟಿ ಕೌನ್ಸಿಲ್‌ಗಳ ಮತ್ತು ದೊಡ್ಡ ಪಟ್ಟಣಗಳ ಕೌನ್ಸಿಲ್‌ಗಳ ಕೈಯಲ್ಲಿತ್ತು. 1921ರಿಂದ ಲಾಗ್‌ಬುಕ್ ಬಂತು. ಕಾರು ಕೈ ಬದಲಾದಾಗಲೆಲ್ಲ ಹೊಸಬರ ಹೆಸರು, ವಿಳಾಸ ಅದರಲ್ಲಿ ಏರುತ್ತಿತ್ತು, ಪಕ್ಕದಲ್ಲಿ ಕೌನ್ಸಿಲ್ಲಿನ ಮೊಹರು ಬೀಳುತ್ತಿತ್ತು. ಹಳೆಯ ಲಾಗ್‌ಬುಕ್ ಒಂದು ಉಳಿದಿದ್ದರೆ ಸಾಲುಸಾಲು ಮಾಲೀಕರು ಒಂದೇ ಕಡೆ ಸಿಕ್ಕಂತೆ. ಆದರೆ 1974ರಲ್ಲಿ ಈ ಕೆಲಸ ವೇಲ್ಸ್‌ನ ಸ್ವಾನ್ಸಿಯ ಕಂಪ್ಯೂಟರ್ ಕೇಂದ್ರಕ್ಕೆ ಹೋಯಿತು, ಲಾಗ್‌ಬುಕ್ಕಿನ ಜಾಗಕ್ಕೆ ವಿ5 ಪತ್ರ ಬಂತು. ಶೆಡ್ಡಿನಲ್ಲಿ ನಿಂತಿದ್ದ ಎಷ್ಟೋ ಕಾರುಗಳು 1983ರ ಗಡುವಿನೊಳಗೆ ಕಂಪ್ಯೂಟರಿಗೆ ಏರಲೇ ಇಲ್ಲ. ಕೌನ್ಸಿಲ್‌ಗಳ ರಿಜಿಸ್ಟರುಗಳಲ್ಲಿ ಕೆಲವು ಆಯಾ ಕೌಂಟಿಯ ದಾಖಲೆ ಕೇಂದ್ರ ಸೇರಿದವು, ಕೆಲವು ಡ್ರಾಯ್ಟ್‌ವಿಚ್‌ನ ಕಿಟ್‌ಹೆಡ್ ಟ್ರಸ್ಟ್ ಸೇರಿದವು, ಇನ್ನು ಕೆಲವು ನಾಶವಾದವು. ಇದರ ಮೇಲೆ ಇನ್ನೊಂದು ತೊಡಕು: ವಿ5 ಪತ್ರದಲ್ಲಿರುವುದು ಮಾಲೀಕನ ಹೆಸರಲ್ಲ, ‘ಕೀಪರ್’ ಹೆಸರು, ಅಂದರೆ ಕಾರನ್ನು ಇಟ್ಟುಕೊಂಡು ತೆರಿಗೆಗೆ ಹೊಣೆಯಾದವನದು. ಇದು ಮಾಲೀಕತ್ವದ ಪುರಾವೆಯಲ್ಲ ಎಂದು ಆ ಪತ್ರವೇ ಹೇಳುತ್ತದೆ. ಮಾಲೀಕ ಎಂದೇ ಅಚ್ಚಾಗುವ ನಮ್ಮ ಆರ್‌ಸಿಗೆ ಒಗ್ಗಿದವರು ಇಲ್ಲಿ ಎಚ್ಚರ ತಪ್ಪುವುದು ಸುಲಭ.

ನಂಬರ್ ಪ್ಲೇಟಿನ ಮಾತೂ ಹಾಗೆಯೇ. ಬ್ರಿಟನ್ನಿನಲ್ಲಿ ನೋಂದಣಿ ಸಂಖ್ಯೆಯನ್ನು ಕಾರಿನಿಂದ ಬಿಡಿಸಿ ಇನ್ನೊಂದಕ್ಕೆ ಹಾಕಿಸಿಕೊಳ್ಳಬಹುದು. ಹೊರದೇಶದಿಂದ ಬಂದ ಹಳೆಯ ಕಾರಿಗೆ ಅದರ ವಯಸ್ಸಿಗೆ ಹೊಂದುವ ಸಂಖ್ಯೆಯನ್ನೂ ಕೊಡುತ್ತಾರೆ. ಒಂದು ಎಂಜಿಬಿ ಎದುರಿಗಿದೆ ಎಂದುಕೊಳ್ಳೋಣ. ಸ್ಟೀರಿಂಗ್ ಬಲಗಡೆ, ನಂಬರಿನ ಕೊನೆಯಲ್ಲಿ ‘ಇ’ ಅಕ್ಷರ. ಆ ಅಕ್ಷರ 1967ರ ಜನವರಿಯಿಂದ ಜುಲೈವರೆಗಿನದು. ಕಾರು ಆಗಲೇ ಇಂಗ್ಲೆಂಡಿನ ರಸ್ತೆಗೆ ಇಳಿದಿತ್ತು ಅನ್ನಿಸುತ್ತದೆ. ಬಾನೆಟ್ ಎತ್ತಿ ಚಾಸಿ ನಂಬರ್ ಓದಿದರೆ ‘ಜಿಎಚ್‌ಎನ್3’ ಆದ ಮೇಲೆ ಒಂದು ‘ಎಲ್’ ಕಾಣುತ್ತದೆ. ಜಿ ಎಂದರೆ ಎಂಜಿ, ಎಚ್ ಎಂಜಿನ್ನಿನ ಗಾತ್ರ, ಎನ್ ಎರಡು ಸೀಟಿನ ತೆರೆದ ಕಾರು, ಎಲ್ ಎಂದರೆ ಎಡಗಡೆ ಸ್ಟೀರಿಂಗ್. ಅಂದರೆ ಈ ಕಾರು ಕಾರ್ಖಾನೆಯಿಂದ ಹೊರಟದ್ದೇ ಪರದೇಶಕ್ಕೆ. ಬಹಳ ವರ್ಷಗಳ ಮೇಲೆ ಮರಳಿ ಬಂದು, ಸ್ಟೀರಿಂಗ್ ಬದಲಾಯಿಸಿಕೊಂಡು, ಹೊಸ ಸಂಖ್ಯೆ ಪಡೆದಿರಬಹುದು. ಇದರಲ್ಲಿ ಯಾರ ಮೋಸವೂ ಇಲ್ಲ. ಆದರೆ 1967ರಿಂದ ಇಂಗ್ಲೆಂಡಿನ ಮಾಲೀಕರನ್ನು ಪೋಣಿಸಿಕೊಟ್ಟ ಕಡತವಿದ್ದರೆ, ಅದು ಎಷ್ಟೇ ದಪ್ಪಗಿದ್ದರೂ ಈ ಒಂದು ಅಕ್ಷರದ ಮುಂದೆ ನಿಲ್ಲುವುದಿಲ್ಲ.

ಆದ್ದರಿಂದ ಹುಡುಕಾಟ ಎರಡೂ ತುದಿಯಿಂದ ಶುರುವಾಗಬೇಕು. ಇಂದಿನ ಕೀಪರ್‌ನಿಂದ ಹಿಂದಕ್ಕೆ ಒಂದು, ಕಾರ್ಖಾನೆಯಿಂದ ಮುಂದಕ್ಕೆ ಇನ್ನೊಂದು. ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿಗಳ ಕಾರ್ಖಾನೆ ದಾಖಲೆ ವಾರ್ವಿಕ್‌ಶೈರ್‌ನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನಲ್ಲಿದೆ. ಜಾಗ್ವಾರ್‌ಗೆ ಅದರದೇ ಹೆರಿಟೇಜ್ ಟ್ರಸ್ಟ್ ಇದೆ. ಅಲ್ಲಿ ಸಿಗುವ ಪ್ರಮಾಣಪತ್ರ ತಯಾರಾದ ದಿನ, ಎಂಜಿನ್ ಸಂಖ್ಯೆ, ಮೊದಲ ಬಣ್ಣ, ರವಾನೆಯಾದ ಕಡೆ ಇಷ್ಟನ್ನು ಹೇಳುತ್ತದೆ. ಕೊಂಡವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ರವಾನೆ ಅಮೆರಿಕಕ್ಕಾಗಿದ್ದರೆ ಹುಡುಕಾಟ ಇನ್ನೂ ಕಷ್ಟ. ಅಲ್ಲಿ ಮಾಲೀಕತ್ವದ ಟೈಟಲ್ ಕೊಡುವುದು ಆಯಾ ರಾಜ್ಯ, ಮಾಲೀಕರ ವಿವರ ಹೊರಬಿಡಲು 1994ರ ಕಾಯ್ದೆಯ ತಡೆಯಿದೆ. ಎರಡು ತುದಿಗಳು ನಡುವೆ ಸೇರದೆ ಇರುವುದೇ ಹೆಚ್ಚು.

ಹಾಗಾದರೆ ಹಳಬರ ನೆನಪಿಗೆ ಬೆಲೆಯಿಲ್ಲವೇ ಎಂದು ಕೇಳಬಹುದು. ಕಾಗದ ನಾಶವಾದ ಕಡೆ ಉಳಿದಿರುವುದು ಬಾಯಿಮಾತೊಂದೇ, ಅದನ್ನೂ ತಳ್ಳಿಹಾಕಿದರೆ ಏನೂ ಉಳಿಯದು ಎಂಬ ಈ ವಾದದಲ್ಲಿ ಹುರುಳಿದೆ. ನೆನಪನ್ನು ನಾನು ಸುಳಿವಾಗಿ ಬಳಸುತ್ತೇನೆ, ಸಾಕ್ಷಿಯಾಗಿ ಅಲ್ಲ. ದೊಡ್ಡ ರೇಸ್ ಡ್ರೈವರ್ ಓಡಿಸುತ್ತಿದ್ದ ಕಾರು ಎಂಬ ಮಾತು ಮಾರುವವನಿಗೆ ಲಾಭ ತರುತ್ತದೆ. ದಿನಾಂಕ, ನೋಂದಣಿ ಸಂಖ್ಯೆ, ಓಡಿದ ಮೈಲಿ, ಗಿರಾಕಿಯ ಹೆಸರು ನಾಲ್ಕೂ ಇರುವ ಕ್ಲಚ್ ರಿಪೇರಿಯ ಬಿಲ್ಲು ಬರೆದವನಿಗೆ ಇವತ್ತಿನ ಬೆಲೆಯ ಯೋಚನೆಯೇ ಇರಲಿಲ್ಲ. ಆ ಕಾಲದಲ್ಲೇ, ಬೇರೆ ಕಾರಣಕ್ಕೆ ಬರೆದ ಕಾಗದಕ್ಕೆ ಹೆಚ್ಚು ಅಂಕ ಕೊಡಬೇಕು. ನೆನಪನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಎಂಜಿನ್, ಗೇರ್‌ಬಾಕ್ಸ್, ಬಾಡಿ ಎಲ್ಲ ಬದಲಾದ ಕಾರಿಗೆ ಮಾಲೀಕರ ಪಟ್ಟಿ ಕಟ್ಟಿಕೊಂಡು ಏನಾಗಬೇಕು? ಇದಕ್ಕೆ ಉತ್ತರ 1990ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಸಿಕ್ಕಿತು. 1929 ಮತ್ತು 1930ರಲ್ಲಿ ಲ ಮಾನ್ಸ್ ರೇಸ್ ಗೆದ್ದ ಬೆಂಟ್ಲಿ ಸ್ಪೀಡ್ ಸಿಕ್ಸ್ ‘ಓಲ್ಡ್ ನಂಬರ್ ಒನ್’ ಒಂದು ಕೋಟಿ ಪೌಂಡಿಗೆ ಮಾರಾಟವಾಗುವುದಿತ್ತು. ಇದು ಆ ಕಾರೇ ಅಲ್ಲ ಎಂದು ಕೊಳ್ಳುವವರು ಹಿಂದೆ ಸರಿದರು. ಅವರ ಮಾತಿಗೆ ಆಧಾರವೂ ಇತ್ತು: 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನ ಅಪಘಾತದಲ್ಲಿ ಚಾಲಕ ಕ್ಲೈವ್ ಡನ್‌ಫೀ ಸತ್ತಿದ್ದ, ಕಾರು ಮತ್ತೆ ಮತ್ತೆ ಕಟ್ಟಿಸಿಕೊಂಡಿತ್ತು, 1929ರ ಭಾಗಗಳೆಂದು ಖಚಿತವಾಗಿ ಹೇಳಬಹುದಾದದ್ದು ಬಹಳ ಕಡಿಮೆ. ಆದರೂ ನ್ಯಾಯಮೂರ್ತಿ ಆಟನ್ ಮಾರುವವರ ಪರ ತೀರ್ಪು ಕೊಟ್ಟರು. ಬದಲಾವಣೆ ಹಂತಹಂತವಾಗಿ ಆಗಿದೆ, ಚರಿತ್ರೆ ಎಲ್ಲೂ ತುಂಡಾಗಿಲ್ಲ, ಆ ಹೆಸರಿಗೆ ಹಕ್ಕುದಾರನಾಗಬಲ್ಲ ಬೇರೆ ಕಾರಿಲ್ಲ ಎಂಬುದು ಅವರ ನೋಟ. ಲೋಹ ಬದಲಾದಷ್ಟೂ ಕೊಂಡಿಗಳ ಮೇಲೆ ಭಾರ ಹೆಚ್ಚುತ್ತದೆ. ಅವುಗಳಲ್ಲಿ ಒಂದು ಕಟ್ಟುಕತೆಯಾಗಿದ್ದರೆ ಇಂಥ ವಾದ ನಿಲ್ಲುವುದೇ ಇಲ್ಲ.

ಬದುಕಿರುವವರ ಹೆಸರು ಕೆದಕುವುದು ಸರಿಯೇ ಎಂಬ ಪ್ರಶ್ನೆಯೂ ಇದೆ. ಖಾಸಗಿತನದ ಕಾನೂನು ಬಿಗಿಯಾದ ಮೇಲೆ ಹಿಂದಿನ ಕೀಪರ್‌ಗಳ ವಿವರ ಸುಲಭವಾಗಿ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಆ ಕಾರಿನ ಮಾಲೀಕರ ಕ್ಲಬ್ಬಿನ ಮೂಲಕ ಒಂದು ಪತ್ರ ತಲುಪಿಸಿ ಉತ್ತರ ಬಂದರೆ ಸರಿ. ಇಲ್ಲವೇ ಯಾವ ಊರು, ಯಾವ ವರ್ಷ ಎಂದಿಷ್ಟು ಬರೆದರೆ ಕಾರಿನ ಚರಿತ್ರೆಗೆ ಧಾರಾಳವಾಯಿತು. ಪ್ರತಿ ಕೊಂಡಿಯ ಎದುರು ಅದು ಯಾವ ಕಾಗದದಿಂದ ಬಂತು ಎಂದು ನಮೂದಿಸಬೇಕು. ಸಿಗದ ವರ್ಷಗಳ ಎದುರು ಸಿಕ್ಕಿಲ್ಲ ಎಂದೇ ಬರೆಯಬೇಕು. ಇದರಿಂದ ಬೆಲೆ ಇಳಿಯುತ್ತದೆ ಎಂದು ಮಾರುವವರು ಹೆದರುತ್ತಾರೆ, ಇಳಿಯಲೂಬಹುದು. ಆದರೆ ಹಾಗೆ ಬಿಟ್ಟ ಜಾಗಕ್ಕೆ ನಾಳೆ ಯಾರದೋ ಅಟ್ಟದ ಮೇಲಿನ ಲಾಗ್‌ಬುಕ್ ಬಂದು ಕೂರಬಹುದು. ಕತೆಯಿಂದ ತುಂಬಿಬಿಟ್ಟರೆ ಅದನ್ನು ಹುಡುಕಲು ಯಾರೂ ಹೊರಡುವುದಿಲ್ಲ.